ಒಂದೇ ವಾಟ್ಸಾಪ್ ನಂಬರ್ ಅಂಗಡಿ ಫೋನಿನಲ್ಲೂ ಮನೆ ಫೋನಿನಲ್ಲೂ ಬರಬೇಕು, ಹೇಗೆ ಮಾಡುವುದು?

ರವಿಕೆ ಅಂಗಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಶ್ರೀನಗರದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಮತ್ತು ಜಿಗ್‌ಜಾಗ್ ಹಾಕುವುದು, ಕುಚ್ಚು ಕಟ್ಟುವುದು ನಮ್ಮ ಕೆಲಸ. ಕುಚ್ಚು ಪೂರ್ತಿ ನನ್ನ ಓರಗಿತ್ತಿಯದು, ಅವಳು ಮನೆಯಲ್ಲೇ ಕೂತು ಕಟ್ಟುತ್ತಾಳೆ. ಇತ್ತೀಚಿನವರೆಗೂ ನನ್ನ ಹತ್ತಿರ ಬಟನ್ ಫೋನೇ ಇತ್ತು. ಈಗ ಬರುವ ಗಿರಾಕಿಗಳೆಲ್ಲ "ಅಕ್ಕ, ಬ್ಯಾಕ್ ನೆಕ್ ಡಿಸೈನ್ ವಾಟ್ಸಾಪ್ ಮಾಡುತ್ತೇನೆ" ಎನ್ನುತ್ತಾರೆ. ಅದಕ್ಕೇ ಸ್ಮಾರ್ಟ್‌ಫೋನ್ ತೆಗೆದುಕೊಂಡೆ, ಅದೇ ಹಳೆಯ ನಂಬರ್‌ನಲ್ಲೇ ವಾಟ್ಸಾಪ್ ಶುರು ಮಾಡಿದೆ.

ತೊಂದರೆ ಏನೆಂದರೆ, ಕುಚ್ಚಿನ ಫೋಟೊ ನನಗೆ ಬರುತ್ತದೆ, ಕೆಲಸ ಮಾಡುವವಳು ಮನೆಯಲ್ಲಿರುತ್ತಾಳೆ. ಅವಳ ಹತ್ತಿರವೂ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಇದೆ. ಅದರಲ್ಲೂ ನನ್ನ ನಂಬರ್‌ನ ವಾಟ್ಸಾಪ್ ಬಂದರೆ ಎಷ್ಟೋ ಅನುಕೂಲ, ಅಲ್ವಾ? ಆದರೆ ಅವಳ ಫೋನಿನಲ್ಲಿ ನನ್ನ ನಂಬರ್ ಹಾಕಿದ ತಕ್ಷಣ ನನ್ನ ಫೋನಿನಲ್ಲಿ ವಾಟ್ಸಾಪ್ ನಿಂತು ಹೋಗುತ್ತದೆ. ಮತ್ತೆ ನನ್ನದರಲ್ಲಿ ಹಾಕಿದರೆ ಅವಳದು ನಿಲ್ಲುತ್ತದೆ. ಮೊಬೈಲ್ ಅಂಗಡಿಯವರೊಬ್ಬರು ಒಂದು ನಂಬರ್ ಒಂದೇ ಫೋನಿನಲ್ಲಿ ನಡೆಯುವುದು ಎಂದರು, ಬೇಕಾದರೆ ಬೇರೆ ಥರದ ವಾಟ್ಸಾಪ್ ಹಾಕಿಕೊಡುತ್ತೇನೆ, ಅದರಲ್ಲಿ ಎಲ್ಲ ಆಗುತ್ತದೆ ಎಂದೂ ಹೇಳಿದರು. ಹಾಕಿಸಿಕೊಳ್ಳಲೇ?

ಇನ್ನೂ ಎರಡು ವಿಷಯ. ಕೆಲವು ಫೋಟೊ ಮಸುಕಾಗಿಯೇ ಇರುತ್ತವೆ, ತೆರೆದುಕೊಳ್ಳುವುದಿಲ್ಲ. ಮತ್ತೆ ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ? ಮಗ ಮಾಡಿಕೊಡುತ್ತಾನೆ, ಆದರೆ ಅವನು ಕಾಲೇಜಿಗೆ ಹೋದಾಗ ನನ್ನ ಕೈಯಲ್ಲಿ ಆಗಬೇಕು. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಶುರುವಾಗುವ ಮುಂಚೆ ಇದನ್ನೆಲ್ಲ ಕಲಿತುಬಿಡಬೇಕು ಎಂದಿದ್ದೇನೆ.

ಎಂಟನೇ ಕ್ರಾಸ್

ಅಕ್ಕ, ಮೊದಲು ಆ "ಬೇರೆ ಥರದ ವಾಟ್ಸಾಪ್" ವಿಷಯ. ದಯವಿಟ್ಟು ಹಾಕಿಸಿಕೊಳ್ಳಬೇಡಿ. ಅವು ಯಾರೋ ತಿದ್ದಿ ಹಂಚುವ ಆ್ಯಪ್‌ಗಳು, ಪ್ಲೇ ಸ್ಟೋರ್‌ನಲ್ಲಿ ಇರುವುದಿಲ್ಲ. ಒಳಗೆ ಏನು ಸೇರಿಸಿದ್ದಾರೋ ಯಾರಿಗೂ ಗೊತ್ತಿಲ್ಲ, ಜೊತೆಗೆ ವಾಟ್ಸಾಪ್‌ನವರಿಗೆ ತಿಳಿದರೆ ನಿಮ್ಮ ನಂಬರನ್ನೇ ಬ್ಯಾನ್ ಮಾಡುತ್ತಾರೆ. ಅಂಗಡಿಯ ನಂಬರ್ ಹೋದರೆ ಗಿರಾಕಿಗಳೆಲ್ಲ ಹೋದ ಹಾಗೆ. ಅದರ ಅಗತ್ಯವೇ ಇಲ್ಲ, ನಿಮಗೆ ಬೇಕಾದದ್ದು ಮಾಮೂಲಿ ವಾಟ್ಸಾಪ್‌ನಲ್ಲೇ ಇದೆ.

ಒಂದು ನಂಬರ್ ಒಂದೇ ಫೋನ್ ಎನ್ನುವುದು ಹಳೆಯ ಮಾತು. 2015ರಲ್ಲಿ ಕಂಪ್ಯೂಟರ್‌ಗೆ ವಾಟ್ಸಾಪ್ ವೆಬ್ ಬಂತು, ಆಗ ಫೋನ್ ಆನ್ ಇದ್ದು ನೆಟ್ ಇದ್ದರೆ ಮಾತ್ರ ಕಂಪ್ಯೂಟರ್‌ನಲ್ಲಿ ಮೆಸೇಜ್ ಕಾಣುತ್ತಿತ್ತು. 2021ರಲ್ಲಿ ಅದು ಬದಲಾಗತೊಡಗಿತು. ಮುಖ್ಯ ಫೋನ್ ಆಫ್ ಇದ್ದರೂ ಜೋಡಿಸಿದ ಕಂಪ್ಯೂಟರ್ ತನ್ನ ಪಾಡಿಗೆ ತಾನು ಕೆಲಸ ಮಾಡುವ ಹಾಗಾಯಿತು. 2023ರಿಂದ ಎರಡನೇ ಫೋನನ್ನೂ ಜೋಡಿಸಬಹುದು. ಈಗ ಒಂದು ಮುಖ್ಯ ಫೋನಿಗೆ ಇನ್ನೂ ನಾಲ್ಕು ಸಾಧನಗಳನ್ನು ಸೇರಿಸಬಹುದು, ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಯಾವುದಾದರೂ ಸರಿ.

ನಿಮ್ಮ ಫೋನ್ ಯಾಕೆ ನಿಂತು ಹೋಗುತ್ತದೆ ಎಂದರೆ, ಎರಡನೇ ಫೋನಿನಲ್ಲಿ ನಂಬರ್ ಹಾಕಿ ಎಸ್ಸೆಮ್ಮೆಸ್‌ನಲ್ಲಿ ಬಂದ ಕೋಡ್ ಕೊಟ್ಟಾಗ ವಾಟ್ಸಾಪ್ ಅದನ್ನು "ಇವರು ಹೊಸ ಫೋನ್ ತೆಗೆದುಕೊಂಡಿದ್ದಾರೆ" ಎಂದು ತಿಳಿಯುತ್ತದೆ. ಹಳೆಯದನ್ನು ಮುಚ್ಚುತ್ತದೆ. ಹಾಗಾಗಿ ಎರಡನೇ ಫೋನಿನಲ್ಲಿ ನಂಬರ್ ಹಾಕಲೇಬೇಡಿ. ಇಬ್ಬರೂ ಒಟ್ಟಿಗೆ ಇರುವಾಗ ಹೀಗೆ ಮಾಡಿ.

ನಿಮ್ಮ ಓರಗಿತ್ತಿಯ ಫೋನಿನಲ್ಲಿ ವಾಟ್ಸಾಪ್ ಇನ್‌ಸ್ಟಾಲ್ ಮಾಡಿ ತೆರೆಯಿರಿ. ನಂಬರ್ ಕೇಳುವ ಪರದೆ ಬಂದಾಗ ನಿಲ್ಲಿ. ಮೇಲೆ ಬಲಗಡೆ ಮೂರು ಚುಕ್ಕಿ ಇರುತ್ತದೆ, ಅದನ್ನು ಒತ್ತಿದರೆ ಈ ಫೋನನ್ನು ಇನ್ನೊಂದಕ್ಕೆ ಜೋಡಿಸುವ ಆಯ್ಕೆ ಸಿಗುತ್ತದೆ, ಇಂಗ್ಲಿಷ್ ಮೆನು ಆದರೆ "ಲಿಂಕ್" ಎಂಬ ಪದ ಅದರಲ್ಲಿ ಇರುತ್ತದೆ. ಒತ್ತಿದರೆ ಒಂದು ಕ್ಯೂಆರ್ ಕೋಡ್ ಬರುತ್ತದೆ, ನಾವು ಹಣ ಕಳುಹಿಸಲು ಸ್ಕ್ಯಾನ್ ಮಾಡುವಂಥದ್ದೇ ಚೌಕ. ಈಗ ನಿಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆದು ಮೂರು ಚುಕ್ಕಿ ಒತ್ತಿ, "ಲಿಂಕ್ಡ್ ಡಿವೈಸಸ್" ಒಳಗೆ "ಲಿಂಕ್ ಎ ಡಿವೈಸ್" ಆರಿಸಿ. ಬೆರಳಚ್ಚು ಅಥವಾ ಪಿನ್ ಕೇಳುತ್ತದೆ, ಕೊಡಿ. ಕ್ಯಾಮೆರಾ ತೆರೆದುಕೊಳ್ಳುತ್ತದೆ, ಅವರ ಪರದೆಯ ಚೌಕದ ಮೇಲೆ ಹಿಡಿಯಿರಿ. ಸ್ವಲ್ಪ ಹೊತ್ತು ಎರಡೂ ಫೋನನ್ನು ಮುಚ್ಚದೆ ಬಿಡಿ, ಹಳೆಯ ಚಾಟ್‌ಗಳು ಅಲ್ಲಿಗೆ ಹೋಗುವವರೆಗೆ.

ಎಲ್ಲಾ ಹಳೆಯ ಮೆಸೇಜ್ ಹೋಗುವುದಿಲ್ಲ, ಇತ್ತೀಚಿನವು ಮಾತ್ರ. ಮೊದಲಿನದು ಬೇಕಾದರೆ ನಿಮ್ಮ ಫೋನಿನಲ್ಲೇ ನೋಡಬೇಕು. ಇನ್ನೊಂದು ಮುಖ್ಯ ವಿಷಯ, ನಿಮ್ಮ ಮುಖ್ಯ ಫೋನ್ 14 ದಿನಕ್ಕಿಂತ ಜಾಸ್ತಿ ಬಳಸದೆ ಇದ್ದರೆ ಜೋಡಿಸಿದವೆಲ್ಲ ತಾನಾಗಿ ಲಾಗ್ಔಟ್ ಆಗುತ್ತವೆ. ಊರಿಗೆ ಹೋದರೂ ಫೋನ್ ಜೊತೆಗಿದ್ದರೆ ಏನೂ ಆಗುವುದಿಲ್ಲ.

ಬನಶಂಕರಿ ಗಿರಾಕಿ

ನಾನು ಹೊಲಿಸಿಕೊಳ್ಳುವವಳು, ಆ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಬ್ಲೌಸ್ ಫಿಟ್ಟಿಂಗ್ ಸರಿಯಿಲ್ಲದಾಗ ನಾವು ಹಾಕಿಕೊಂಡೇ ಫೋಟೊ ತೆಗೆದು ಟೈಲರ್‌ಗೆ ಕಳುಹಿಸುತ್ತೇವೆ, ತೋಳು ಎಲ್ಲಿ ಬಿಗಿ, ಬೆನ್ನು ಎಲ್ಲಿ ಸಡಿಲ ಎಂದು ತೋರಿಸಲು. ಅದನ್ನು ನೀವು ನೋಡುತ್ತೀರಿ ಎಂಬ ನಂಬಿಕೆಯಿಂದ ಕಳುಹಿಸುತ್ತೇವೆ. ಪೂರ್ತಿ ಅಕೌಂಟ್ ಇನ್ನೊಂದು ಫೋನಿಗೆ ಹೋದರೆ ಆ ಫೋಟೊಗಳೂ ಹೋಗುತ್ತವೆ. ಮನೆಯ ಫೋನ್ ಎಂದರೆ ಮಕ್ಕಳ ಕೈಗೂ ಬರುತ್ತದೆ, ನೆಂಟರು ಬಂದಾಗ ಅವರ ಕೈಗೂ ಹೋಗುತ್ತದೆ.

ನನಗೆ ಅನ್ನಿಸುವುದು, ನೀವು ಮತ್ತು ನಿಮ್ಮ ಓರಗಿತ್ತಿ ಇಬ್ಬರೇ ಇರುವ ಒಂದು ಗ್ರೂಪ್ ಮಾಡಿ. ಕುಚ್ಚಿನ ಫೋಟೊ ಬಂದಾಗ ಅದನ್ನು ಒತ್ತಿ ಹಿಡಿದು, ಮೇಲೆ ಬರುವ ಬಾಣದ ಗುರುತಿನಿಂದ ಆ ಗ್ರೂಪಿಗೆ ಫಾರ್ವರ್ಡ್ ಮಾಡಿ. ಅವರಿಗೆ ಬೇಕಾದದ್ದಷ್ಟೇ ಹೋಗುತ್ತದೆ. ಅಕೌಂಟ್ ಜೋಡಿಸಲೇಬೇಕು ಎಂದರೆ ಆ ಫೋನಿನ ವಾಟ್ಸಾಪ್‌ಗೆ ಬೆರಳಚ್ಚಿನ ಲಾಕ್ ಹಾಕಿ, ಸೆಟ್ಟಿಂಗ್ಸ್‌ನ ಪ್ರೈವೆಸಿ ಒಳಗೆ ಆ್ಯಪ್ ಲಾಕ್ ಎಂದು ಇದೆ. ಚಾಟ್ಸ್ ಒಳಗೆ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಆಗ ಹೊಸದಾಗಿ ಬರುವ ಗಿರಾಕಿಗಳ ಫೋಟೊ ಮನೆಯವರ ಮದುವೆ ಫೋಟೊಗಳ ಜೊತೆ ಗ್ಯಾಲರಿಯಲ್ಲಿ ಸೇರುವುದಿಲ್ಲ. ದಯವಿಟ್ಟು ಇದನ್ನು ಬೇಜಾರು ಮಾಡಿಕೊಳ್ಳಬೇಡಿ, ಎಷ್ಟೋ ಹೆಂಗಸರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಎಂಟನೇ ಕ್ರಾಸ್

ಬನಶಂಕರಿಯವರು ಹೇಳಿದ್ದು ಸರಿ, ನಾನು ಬರೀ ಜೋಡಿಸುವುದನ್ನೇ ಯೋಚಿಸುತ್ತಿದ್ದೆ. ದಿನಕ್ಕೆ ನಾಲ್ಕೈದು ಫೋಟೊ ಆದರೆ ಗ್ರೂಪೇ ಒಳ್ಳೆಯದು. ಆದರೆ ಹಬ್ಬದ ಸಮಯದಲ್ಲಿ ಅಕ್ಕ ಮಷಿನ್ ಮೇಲಿಂದ ಕೈ ತೆಗೆದು ಒಂದೊಂದೇ ಫಾರ್ವರ್ಡ್ ಮಾಡುತ್ತಾ ಕೂರಲು ಆಗುತ್ತದೆಯೇ? ಗಿರಾಕಿಗೆ ಮನೆಯಿಂದಲೇ ಉತ್ತರ ಕೊಡುವವರು ಬೇಕು ಎಂದಾದರೆ ಜೋಡಿಸುವುದೇ ದಾರಿ.

ಜೋಡಿಸಿದ ಮೇಲೆ ಬರುವ ಒಂದು ತೊಂದರೆಯನ್ನೂ ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮೆಸೇಜ್ ತೆರೆದರೆ ನಿಮ್ಮ ಫೋನಿನಲ್ಲೂ ಅದು ಓದಿದ ಹಾಗೆ ಆಗುತ್ತದೆ. ಹೊಸದು ಎಂದು ತೋರಿಸುವ ಹಸಿರು ಗುರುತು ಹೋಗುತ್ತದೆ, ಗಿರಾಕಿಗೆ ನೀಲಿ ಟಿಕ್ ಕಾಣುತ್ತದೆ. ಅವರು ನೀವು ನೋಡಿದ್ದೀರಿ ಎಂದುಕೊಳ್ಳುತ್ತಾರೆ, ನಿಮಗೆ ಬಂದದ್ದೇ ಗೊತ್ತಿರುವುದಿಲ್ಲ. ಅದಕ್ಕೆ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಓರಗಿತ್ತಿ ತೆರೆದು ನೋಡಿ ಅದು ಬ್ಲೌಸ್ ಆರ್ಡರ್ ಎಂದು ಗೊತ್ತಾದರೆ, ಹೊರಗೆ ಬಂದು ಆ ಚಾಟನ್ನು ಒತ್ತಿ ಹಿಡಿದು ಮೂರು ಚುಕ್ಕಿಯಲ್ಲಿ "ಮಾರ್ಕ್ ಆ್ಯಸ್ ಅನ್‌ರೀಡ್" ಕೊಡಲಿ. ನಿಮ್ಮ ಫೋನಿನಲ್ಲಿ ಮತ್ತೆ ಗುರುತು ಬರುತ್ತದೆ. ಅಳಿಸುವುದೂ ಹಾಗೆಯೇ. ಅವರು ಜಾಗ ಖಾಲಿ ಮಾಡಲು ಚಾಟ್ ಅಳಿಸಿದರೆ ನಿಮ್ಮಲ್ಲೂ ಹೋಗುತ್ತದೆ, ಅಳಿಸುವ ಕೆಲಸ ನಿಮ್ಮೊಬ್ಬರ ಕೈಯಲ್ಲೇ ಇರಲಿ.

ಗಾಂಧಿ ಬಜಾರ್ ನಿವೃತ್ತ

ನಮಸ್ಕಾರ ಅಮ್ಮಾ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಹಣ ಕಳೆದುಕೊಂಡವರನ್ನು ಕೌಂಟರ್‌ನಲ್ಲಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಮೇಲೆ ಹೇಳಿದ ಜೋಡಿಸುವ ದಾರಿಯನ್ನೇ ಕಳ್ಳರೂ ಬಳಸುತ್ತಾರೆ. ಅವರಿಗೆ ಎರಡು ಉಪಾಯ ಇವೆ.

ಒಂದು, ನಿಮಗೆ ಗೊತ್ತಿರುವವರ ಹೆಸರಿನಿಂದಲೇ ಮೆಸೇಜ್ ಬರುತ್ತದೆ, "ತಪ್ಪಿ ನಿಮ್ಮ ನಂಬರ್‌ಗೆ ನನ್ನ ಆರು ಅಂಕಿಯ ಕೋಡ್ ಬಂದಿದೆ, ಕಳುಹಿಸಿ" ಎಂದು. ಅದು ನಿಮ್ಮದೇ ವಾಟ್ಸಾಪ್‌ನ ಕೋಡ್. ಕೊಟ್ಟರೆ ನಿಮ್ಮ ಅಕೌಂಟ್ ಅವರ ಫೋನಿಗೆ ಹೋಗುತ್ತದೆ, ನಿಮ್ಮ ಗಿರಾಕಿಗಳಿಗೆಲ್ಲ "ಅರ್ಜೆಂಟ್ ಹಣ ಬೇಕು" ಎಂದು ಮೆಸೇಜ್ ಹೋಗುತ್ತದೆ. ಎರಡನೆಯದು ಇನ್ನೂ ಮೋಸದ್ದು. ಯಾವುದೋ ಲಿಂಕ್ ಕಳುಹಿಸಿ ನಿಮ್ಮ ಕೈಯಿಂದಲೇ ಅವರ ಸಾಧನವನ್ನು ಜೋಡಿಸಿಕೊಳ್ಳುತ್ತಾರೆ. ಆಗ ನಿಮ್ಮ ಫೋನ್ ನಿಲ್ಲುವುದಿಲ್ಲ, ಎಲ್ಲಾ ಮಾಮೂಲಿಯಾಗಿ ನಡೆಯುತ್ತಿರುತ್ತದೆ, ಅವರು ಸುಮ್ನೆ ಕೂತು ಓದುತ್ತಿರುತ್ತಾರೆ.

ಅದಕ್ಕೆ ವಾರಕ್ಕೊಮ್ಮೆ ಆ ಲಿಂಕ್ಡ್ ಡಿವೈಸಸ್ ಪಟ್ಟಿ ತೆರೆದು ನೋಡಿ. ನಿಮ್ಮ ಓರಗಿತ್ತಿಯ ಫೋನ್ ಬಿಟ್ಟು ಬೇರೆ ಏನಾದರೂ ಕಂಡರೆ ಅದರ ಮೇಲೆ ಒತ್ತಿ ಲಾಗ್ಔಟ್ ಮಾಡಿ. ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಲು ವಾಟ್ಸಾಪ್ ತೆರೆದಿದ್ದರೆ ಅದೂ ಅಲ್ಲಿ ಕಾಣುತ್ತದೆ, ಅದನ್ನೂ ತೆಗೆಯಿರಿ. ಸೆಟ್ಟಿಂಗ್ಸ್‌ನ ಅಕೌಂಟ್ ಒಳಗೆ ಟೂ ಸ್ಟೆಪ್ ವೆರಿಫಿಕೇಶನ್ ಇದೆ, ಆನ್ ಮಾಡಿ ಆರು ಅಂಕಿಯ ಪಿನ್ ಇಟ್ಟುಕೊಳ್ಳಿ. ಎಸ್ಸೆಮ್ಮೆಸ್ ಕೋಡ್ ಕಳ್ಳರಿಗೆ ಸಿಕ್ಕರೂ ಈ ಪಿನ್ ಇಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಹುಟ್ಟಿದ ತಾರೀಖು ಇಡಬೇಡಿ, ಯುಪಿಐ ಪಿನ್ನನ್ನೇ ಇಲ್ಲೂ ಇಡಬೇಡಿ.

ಹಣ ಹೋಗಿಬಿಟ್ಟರೆ ಯಾರನ್ನೂ ಕೇಳುತ್ತಾ ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ.

ಕೆ.ಆರ್. ರಸ್ತೆ

ಫೋಟೊ ಮತ್ತು ಕನ್ನಡ ಟೈಪಿಂಗ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಮ್ಮ ಅತ್ತೆಗೆ ಕಲಿಸುತ್ತಾ ಕಲಿಸುತ್ತಾ ನನಗೂ ಇದೆಲ್ಲ ಗೊತ್ತಾಯಿತು.

ಮಸುಕಾದ ಫೋಟೊ ಎಂದರೆ ಅದು ಇನ್ನೂ ನಿಮ್ಮ ಫೋನಿಗೆ ಇಳಿದಿಲ್ಲ ಎಂದರ್ಥ. ಅದರ ಮೇಲೆ ಕೆಳಮುಖದ ಬಾಣ ಇರುತ್ತದೆ, ಒತ್ತಿದರೆ ಇಳಿಯುತ್ತದೆ. ಒತ್ತಿದರೂ ಬರದಿದ್ದರೆ ಒಂದೋ ನೆಟ್ ಇಲ್ಲ, ಇಲ್ಲವೇ ಫೋನಿನಲ್ಲಿ ಜಾಗ ಇಲ್ಲ. ತುಂಬ ದಿನ ಇಳಿಸದೆ ಬಿಟ್ಟಿದ್ದರೆ ಮತ್ತೆ ಸಿಗದೇ ಹೋಗಬಹುದು, ಆಗ ಗಿರಾಕಿಯನ್ನೇ ಇನ್ನೊಮ್ಮೆ ಕಳುಹಿಸಲು ಕೇಳಬೇಕು. ಡಿಸೈನ್ ಫೋಟೊ ಬಂದ ದಿನವೇ ತೆರೆದು ನೋಡುವುದು ಒಳ್ಳೆಯದು. ಇನ್ನೊಂದು, ಕಳುಹಿಸುವವರು ಫೋಟೊ ಆರಿಸಿದಾಗ ಮೇಲೆ ಎಚ್‌ಡಿ ಎಂಬ ಗುರುತು ಕಾಣುತ್ತದೆ, ಅದನ್ನು ಒತ್ತಿ ಕಳುಹಿಸಲು ಹೇಳಿ. ಇಲ್ಲದಿದ್ದರೆ ವಾಟ್ಸಾಪ್ ಫೋಟೊವನ್ನು ಜಾಸ್ತಿ ಕುಗ್ಗಿಸಿಬಿಡುತ್ತದೆ, ಆರಿ ವರ್ಕ್‌ನ ಮಣಿ ಯಾವುದು ಎಳೆ ಯಾವುದು ಗೊತ್ತಾಗುವುದಿಲ್ಲ. ಬಣ್ಣವನ್ನು ಮಾತ್ರ ಫೋಟೊ ನೋಡಿ ನಂಬಬೇಡಿ, ಅದು ನಿಮಗೇ ಚೆನ್ನಾಗಿ ಗೊತ್ತು.

ಜಾಗ ತುಂಬುವುದಕ್ಕೆ ದೊಡ್ಡ ಕಾರಣ ಗುಡ್ ಮಾರ್ನಿಂಗ್ ವಿಡಿಯೊಗಳು. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗೆ ಹೋಗಿ, ಮೊಬೈಲ್ ಡೇಟಾದಲ್ಲಿ ತಾನಾಗಿ ಇಳಿಯುವುದು ಫೋಟೊ ಮಾತ್ರ ಎಂದು ಇಡಿ, ವಿಡಿಯೊ ಟಿಕ್ ತೆಗೆಯಿರಿ. ಅಲ್ಲೇ ಮ್ಯಾನೇಜ್ ಸ್ಟೋರೇಜ್ ಒಳಗೆ ಯಾವ ಚಾಟ್ ಎಷ್ಟು ಜಾಗ ತಿಂದಿದೆ ಎಂದು ಕಾಣುತ್ತದೆ. ಬ್ಯಾಕಪ್ ಬಗ್ಗೆಯೂ ಗಮನ ಇರಲಿ. ಆಂಡ್ರಾಯ್ಡ್‌ನಲ್ಲಿ ಅದು ಗೂಗಲ್ ಅಕೌಂಟಿಗೆ ಹೋಗುತ್ತದೆ, ಮೊದಲು ಅದಕ್ಕೆ ಲೆಕ್ಕ ಇರಲಿಲ್ಲ, ಈಗ ಗೂಗಲ್ ಕೊಡುವ 15 ಜಿಬಿ ಉಚಿತ ಜಾಗದಲ್ಲೇ ಅದೂ ಸೇರುತ್ತದೆ. ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ಫೋನ್ ಕಳೆದುಹೋದ ದಿನ ಆರ್ಡರ್‌ಗಳೆಲ್ಲ ಹೋಗಬಾರದು ಎಂದರೆ ಚಾಟ್ಸ್ ಒಳಗೆ ಚಾಟ್ ಬ್ಯಾಕಪ್ ತೆರೆದು ಕೊನೆಯ ಬ್ಯಾಕಪ್ ಯಾವತ್ತು ಆಗಿದೆ ಎಂದು ಆಗಾಗ ನೋಡಿ.

ಕನ್ನಡಕ್ಕೆ ಗೂಗಲ್‌ನ ಜಿಬೋರ್ಡ್ ಸಾಕು, ಬಹಳಷ್ಟು ಆಂಡ್ರಾಯ್ಡ್ ಫೋನಿನಲ್ಲಿ ಇದ್ದೇ ಇರುತ್ತದೆ. ಕೀಬೋರ್ಡ್ ಮೇಲಿನ ಹಲ್ಲಿನ ಚಕ್ರದ ಗುರುತು ಒತ್ತಿ, ಲ್ಯಾಂಗ್ವೇಜಸ್‌ನಲ್ಲಿ ಕನ್ನಡ ಸೇರಿಸಿ. ಅಲ್ಲಿ ಕನ್ನಡ ಅಕ್ಷರದ ಕೀಲಿಗಳೂ ಸಿಗುತ್ತವೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡವಾಗುವುದೂ ಸಿಗುತ್ತದೆ. ಆದರೆ ನಿಮ್ಮ ಕೈ ಯಾವಾಗಲೂ ಬಟ್ಟೆಯ ಮೇಲೆ ಇರುತ್ತದೆ, ಅದಕ್ಕೆ ಮೈಕ್ ಗುರುತು ಒತ್ತಿ ಮಾತಾಡಿ. "ನಾಳೆ ಸಂಜೆ ಬನ್ನಿ ಬ್ಲೌಸ್ ರೆಡಿ ಇರುತ್ತದೆ" ಎಂದರೆ ಅದೇ ಟೈಪ್ ಆಗುತ್ತದೆ. ಕಳುಹಿಸುವ ಮುಂಚೆ ಒಮ್ಮೆ ಓದಿ, ಅಳತೆಯ ಅಂಕಿ ಇದ್ದರಂತೂ ಖಂಡಿತ ಓದಿ. ಅಕ್ಷರ ಚಿಕ್ಕದಾಗಿ ಕಂಡರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಒಳಗೆ ದೊಡ್ಡದು ಮಾಡಿಕೊಳ್ಳಬಹುದು.

ಅಭ್ಯಾಸ ಮಾಡಲು ಗಿರಾಕಿಗಳ ಚಾಟ್ ಬೇಡ ಎನ್ನಿಸಿದರೆ ನಮ್ಮ ಮೆಟ್ರೊ ವಾಟ್ಸಾಪ್ ಒಳ್ಳೆಯದು. 2022ರ ನವೆಂಬರ್ 1ರಿಂದ ಮೆಟ್ರೊ ಟಿಕೆಟ್ ವಾಟ್ಸಾಪ್‌ನಲ್ಲೇ ಸಿಗುತ್ತದೆ. "ಹಾಯ್" ಎಂದು ಕಳುಹಿಸಿದರೆ ಅದು ಪ್ರಶ್ನೆ ಕೇಳುತ್ತಾ ಹೋಗುತ್ತದೆ, ಯಾವ ಸ್ಟೇಷನ್‌ನಿಂದ, ಎಲ್ಲಿಗೆ, ಎಷ್ಟು ಜನ. ತಪ್ಪು ಒತ್ತಿದರೂ ಯಾರೂ ಬೇಜಾರಾಗುವುದಿಲ್ಲ, ಹಣ ಕೊಡುವವರೆಗೆ ಏನೂ ಕತ್ತರಿಸುವುದಿಲ್ಲ. ನಮ್ಮ ಅತ್ತೆ ಅದರಲ್ಲೇ ಧೈರ್ಯ ಪಡೆದರು, ಈಗ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಿಂದ ಚಿಕ್ಕಪೇಟೆಗೆ ತಾವೇ ಟಿಕೆಟ್ ತೆಗೆದುಕೊಂಡು ಹೋಗಿ ಬರುತ್ತಾರೆ.

ರವಿಕೆ ಅಂಗಡಿ

ಎಲ್ಲರಿಗೂ ತುಂಬ ಧನ್ಯವಾದ. ಓದಿ ಓದಿ ಮಾಡಿದೆವು, ಜೋಡಣೆ ಆಯಿತು. ಎರಡೂ ಫೋನಿನಲ್ಲಿ ಒಟ್ಟಿಗೆ ಮೆಸೇಜ್ ಬಂದದ್ದು ನೋಡಿ ನಮ್ಮ ಓರಗಿತ್ತಿಗೆ ಬಹಳ ಖುಷಿ. ಬನಶಂಕರಿಯವರೇ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಬೇಜಾರು ಖಂಡಿತ ಇಲ್ಲ. ಆ ಫೋನಿಗೆ ಲಾಕ್ ಹಾಕಿದೆ, ಗ್ಯಾಲರಿಗೆ ಹೋಗದ ಹಾಗೂ ಮಾಡಿದೆ. ಪಿನ್ ಕೂಡ ಇಟ್ಟೆ ಸರ್.

ಈಗ ಎರಡು ತೊಂದರೆ ಉಳಿದಿವೆ. ಅವಳ ಫೋನಿನಲ್ಲಿ ಮೆಸೇಜ್ ತಡವಾಗಿ ಬರುತ್ತದೆ. ವಾಟ್ಸಾಪ್ ತೆರೆದಾಗ ಒಟ್ಟಿಗೆ ಬಂದು ಬೀಳುತ್ತವೆ, ಮುಚ್ಚಿದ್ದರೆ ಸದ್ದೇ ಇಲ್ಲ. ಇನ್ನೊಂದು, ನಮ್ಮ ಮನೆಯವರ ಮೆಸೇಜ್, ನನ್ನ ತಂಗಿಯ ಮೆಸೇಜ್ ಎಲ್ಲವೂ ಅವಳಿಗೆ ಕಾಣುತ್ತದೆ. ಅವಳು ಓದುವವಳಲ್ಲ, ಆದರೂ ಇಬ್ಬರಿಗೂ ಮುಜುಗರ. ಮತ್ತೆ ಅವಳಿಗೆ ಅವಳದ್ದೇ ನಂಬರ್‌ನ ವಾಟ್ಸಾಪ್ ಕೂಡ ಬೇಕು, ಅದೇ ಫೋನಿನಲ್ಲಿ.

ಎಂಟನೇ ಕ್ರಾಸ್

ತಡವಾಗುವುದಕ್ಕೆ ಬಹುಶಃ ಬ್ಯಾಟರಿ ಉಳಿಸುವ ವ್ಯವಸ್ಥೆ ಕಾರಣ. ಹಳೆಯ ಫೋನ್‌ಗಳು ಬಳಸದ ಆ್ಯಪನ್ನು ಹಿಂದಿನಿಂದ ನಿಲ್ಲಿಸಿಬಿಡುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ವಾಟ್ಸಾಪ್, ಅದರಲ್ಲಿ ಬ್ಯಾಟರಿ ಎಂದು ಹೋಗಿ "ಅನ್‌ರಿಸ್ಟ್ರಿಕ್ಟೆಡ್" ಎಂದು ಇಡಿ. ನೋಟಿಫಿಕೇಶನ್ ಆನ್ ಇದೆಯಾ, ಡೇಟಾ ಸೇವರ್ ಆಫ್ ಇದೆಯಾ ನೋಡಿ. ತಾರೀಖು ಮತ್ತು ಸಮಯ ತಾನಾಗಿ ಹೊಂದಿಕೊಳ್ಳುವ ಹಾಗೆ ಇರಲಿ, ಅದು ತಪ್ಪಾಗಿದ್ದರೆ ವಾಟ್ಸಾಪ್ ಕನೆಕ್ಟೇ ಆಗುವುದಿಲ್ಲ.

ಎರಡನೆಯದಕ್ಕೆ ನನ್ನ ಸಲಹೆ, ವಾಟ್ಸಾಪ್ ಬಿಸಿನೆಸ್. ಅದೂ ಅದೇ ಕಂಪನಿಯ ಉಚಿತ ಆ್ಯಪ್, 2018ರಲ್ಲಿ ಬಂತು. ಗಿರಾಕಿಗಳಿಗೆ ಗೊತ್ತಿರುವ ಈಗಿನ ನಂಬರನ್ನೇ ಬಿಸಿನೆಸ್‌ಗೆ ಬದಲಾಯಿಸಿ, ಚಾಟ್‌ಗಳೂ ಜೊತೆಗೆ ಬರುತ್ತವೆ, ಬದಲಾಯಿಸುವ ಮುಂಚೆ ಒಮ್ಮೆ ಬ್ಯಾಕಪ್ ಮಾಡಿ. ಮನೆಯವರ ಜೊತೆ ಮಾತಾಡಲು ನೀವು ಒಂದು ಹೊಸ ಸಿಮ್ ತೆಗೆದುಕೊಂಡು ಅದರಲ್ಲಿ ಮಾಮೂಲಿ ವಾಟ್ಸಾಪ್ ಇಡಿ. ನೂರಾರು ಗಿರಾಕಿಗಳಿಗೆ ಹೊಸ ನಂಬರ್ ಹೇಳುವುದಕ್ಕಿಂತ ಹತ್ತು ಜನ ನೆಂಟರಿಗೆ ಹೇಳುವುದು ಸುಲಭ. ಹಳೆಯ ಚಾಟ್ ಜೊತೆ ತಂಗಿಯ ಚಾಟ್ ಕೂಡ ಬಿಸಿನೆಸ್‌ಗೆ ಬಂದಿರುತ್ತದೆ, ಮನೆಯವರದ್ದನ್ನು ಮಾತ್ರ ಆರಿಸಿ ಅಳಿಸಿಬಿಡಿ.

ಓರಗಿತ್ತಿಯ ಫೋನಿನಲ್ಲೂ ಹೀಗೆಯೇ. ಮಾಮೂಲಿ ವಾಟ್ಸಾಪ್ ಅವರ ಸ್ವಂತ ನಂಬರ್‌ಗೆ, ಬಿಸಿನೆಸ್ ಆ್ಯಪ್ ನಿಮ್ಮ ಅಂಗಡಿಗೆ ಜೋಡಿಸಿದ್ದು. ಎರಡೂ ಬೇರೆ ಬೇರೆ ಆ್ಯಪ್ ಆದ್ದರಿಂದ ಒಂದೇ ಫೋನಿನಲ್ಲಿ ಇರುತ್ತವೆ, ಗೊಂದಲ ಇಲ್ಲ. ಈಗ ಜೋಡಿಸಿರುವುದನ್ನು ಮೊದಲು ಲಾಗ್ಔಟ್ ಮಾಡಿ, ಆಮೇಲೆ ಬಿಸಿನೆಸ್ ಆ್ಯಪ್‌ನಲ್ಲಿ ಅದೇ ಕ್ಯೂಆರ್ ದಾರಿ. ಲಾಕ್ ಮತ್ತು ಮೀಡಿಯಾ ವಿಸಿಬಿಲಿಟಿಯನ್ನು ಹೊಸ ಆ್ಯಪ್‌ನಲ್ಲಿ ಮತ್ತೆ ಹಾಕಬೇಕು, ಮರೆಯಬೇಡಿ. ಬಿಸಿನೆಸ್‌ನಲ್ಲಿ ಚಾಟ್‌ಗಳಿಗೆ ಲೇಬಲ್ ಹಾಕಬಹುದು, ಹೊಸ ಆರ್ಡರ್, ಹಣ ಬಾಕಿ, ಕೆಲಸ ಮುಗಿದದ್ದು ಎಂದು. ಕುಚ್ಚು ಎಂದು ನೀವೇ ಒಂದು ಲೇಬಲ್ ಮಾಡಿಟ್ಟರೆ ಯಾರದ್ದು ಯಾವುದು ಎಂದು ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ರವಿಕೆ ಅಂಗಡಿ

ಬ್ಯಾಟರಿ ಸೆಟ್ಟಿಂಗ್ ಬದಲಾಯಿಸಿದೆವು, ಈಗ ಸದ್ದು ತಕ್ಷಣ ಬರುತ್ತಿದೆ. ಹೊಸ ಸಿಮ್ ತೆಗೆದುಕೊಂಡು ಬಿಸಿನೆಸ್ ಮಾಡಿಕೊಳ್ಳುತ್ತೇನೆ. ಒಂದೇ ಅನುಮಾನ, ಓರಗಿತ್ತಿಯ ಫೋನಿನ ಸಿಮ್‌ಗೆ ರೀಚಾರ್ಜ್ ಮುಗಿದರೆ ಜೋಡಿಸಿದ್ದು ಹೋಗುತ್ತದೆಯೇ?

ಎಂಟನೇ ಕ್ರಾಸ್

ಇಲ್ಲ ಅಕ್ಕ. ಜೋಡಿಸಿದ ಫೋನಿಗೆ ಸಿಮ್ ಇರಬೇಕು ಎಂದೇ ಇಲ್ಲ, ಮನೆಯ ವೈಫೈ ಇದ್ದರೆ ಸಾಕು. ನಿಮ್ಮ ಅಂಗಡಿ ನಂಬರ್‌ನ ಸಿಮ್ ಮಾತ್ರ ಸದಾ ಚಾಲ್ತಿಯಲ್ಲಿ ಇರಲಿ, ರೀಚಾರ್ಜ್ ತಪ್ಪಿಸಬೇಡಿ. ತುಂಬ ದಿನ ಬಿಟ್ಟರೆ ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಟ್ಟುಬಿಡಬಹುದು, ವಾಟ್ಸಾಪ್ ಕೋಡ್ ಆಗ ಅವರಿಗೆ ಹೋಗುತ್ತದೆ.